ಉಪ್ಪಿನ ಪೊಟ್ಟಣ

ಗ್ರಿಮ್ಸ್‌ಬಿ, ಜನವರಿ. ವಾರ್ಡಿನ ಕಿಟಕಿಗೆ ಒಳಗಿನಿಂದಲೇ ಬೆವರು.
ಒಂಬತ್ತು ವಾರದ ಕೂಸಿನ ಪಕ್ಕೆ
ಅವಸರದ ಕಮ್ಮಾರನ ತಿದಿ.

ಮಂಜಿನ ಮದ್ದು ಕೊಡಿ ಎಂದೆ.
ನಮ್ಮಣ್ಣನಿಗೆ ಕೊಟ್ಟಿದ್ದರು: ಪುಟ್ಟ ಮುಖವಾಡ, ಬುಸುಬುಸು,
ಸಂಜೆಗೆ ಎದ್ದು ಕೂತು ಬಿಸ್ಕತ್ತು ಕೇಳಿದ್ದ.

ಡಾಕ್ಟರ್ ಹದ್ಲಿ ತೊಟ್ಟಿಲ ಕಂಬಿಗೆ ಒರಗಿದರು.
ಅದು ಬಿಗಿದ ಕೊಳವೆ ಸಡಿಲಿಸುವ ಮದ್ದು;
ಇಲ್ಲಿ ಬಿಗಿದಿಲ್ಲ, ಊದಿದೆ, ಕಫ ಕಟ್ಟಿದೆ.
ಉಪ್ಪುನೀರಿನ ಮಂಜು?
ಅದನ್ನೂ ಎಷ್ಟೋ ಮಕ್ಕಳಿಗೆ ಕೊಟ್ಟು ನೋಡಿದ್ದೇವೆ, ಅಂಥದ್ದೇನೂ ಆಗಲಿಲ್ಲ.
ಕಾಯೋಣ.

ಕಾಯುವುದನ್ನು
ಚೀಟಿಯಲ್ಲಿ ಬರೆದುಕೊಡಲು ಬರುತ್ತದೆಯೇ?

ರಾತ್ರಿಯೆಲ್ಲ ಮಾರೀನ್
ಮೂಗಿನ ಸಿಂಬಳ ಎಳೆದಳು, ಆಮ್ಲಜನಕದ ನಳಿಕೆ ಸರಿಪಡಿಸಿದಳು,
ಒಳ್ಳೆಯೊಳ್ಳೆಯಷ್ಟೇ ಹಾಲು ಇನ್ನೊಂದು ನಳಿಕೆಯಲ್ಲಿ.
ಅವಳು ಬೆನ್ನು ತಿರುಗಿಸಿದಾಗ
ಕೋಟಿನ ಜೇಬಿನಲ್ಲಿ ಸಿಕ್ಕಿತು
ಚಿಪ್ಸ್ ಅಂಗಡಿಯ ಉಪ್ಪಿನ ಪೊಟ್ಟಣ.
ಮುಷ್ಟಿ ಬಿಗಿದು ಮೂರು ಸಲ ನಿವಾಳಿಸಿದೆ.

ನೋಡಿಬಿಟ್ಟಳು. ಏನೂ ಕೇಳಲಿಲ್ಲ.
ಸಿಂಕ್ ಅಲ್ಲಿದೆ, ಎಂದಳು.

ಬೆಳಗಿನ ಜಾವ ತೊಂಬತ್ತೊಂದು ತೊಂಬತ್ತನಾಲ್ಕಾಯಿತು.
ಯಾವುದರಿಂದ ಎಂದು
ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.
ಕೂಸು ನಾಲ್ಕು ದಿನಕ್ಕೆ ಮೊದಲ ಬಾರಿ
ಸಿಟ್ಟಿನಿಂದ ಅತ್ತಿತು.

ಅಳುವುದಕ್ಕೂ ಉಸಿರು ಬೇಕಲ್ಲ.