ಎರಡನೇ ಗೇರು, ಹದಿನೆಂಟರ ವೇಗ

ಭೋಸರಿ, ಗಾಳಾ ನಂಬರ್ ಹದಿನೇಳು, ರಾತ್ರಿ ಹತ್ತೂವರೆ.
ಅರ್ಧ ಇಳಿಸಿದ ಶಟರಿನ ಹಿಂದೆ
ಯಜ್ಞೇಶ ಭಿಂತಾಡೆಯ ಬಿಳಿ ಎಸ್ಟೀಮು
ನಿಂತಲ್ಲೇ ತುಯ್ಯುತ್ತಿದೆ
ಮೊದಲ ಸಲ ನೊಗ ಹೊತ್ತ ಹೋರಿಯಂತೆ.

“ತಾಈ, ನಾಳೆ ಇದರಲ್ಲೇ ತಂಗಿಯ ವರಾತು.”
(ಮರಾಠಿಯಲ್ಲಿ ಅವನಿಗೆ ಅಕ್ಕ ನಾನು. ಕಿವಿಗೆ ಮಾತ್ರ ಪ್ರತಿಸಲ
ತಾಯಿ ಅಂದಂತೆ ಕೇಳಿ ಬೆನ್ನು ನೆಟ್ಟಗಾಗುತ್ತದೆ.)
ಸಾಸವಡದ ಪೇಟೆಯಲ್ಲಿ, ಬ್ಯಾಂಡಿನ ಹಿಂದೆ, ಎರಡು ಮೈಲಿ,
ಕುಣಿಯುವವರ ಹಿಮ್ಮಡಿಗೆ ತಾಗದಂತೆ.
ಕಾಲು ಮೈಲಿಯನ್ನು ಹದಿನೈದು ಸೆಕೆಂಡಿನಲ್ಲಿ ನುಂಗಿದ ಗಾಡಿ
ನಡೆ ಅಂದರೆ ಬಿಕ್ಕುತ್ತದೆ.
ಎಳೆ, ಬಿಡು. ಎಳೆ, ಬಿಡು.
ಹಿಂದೆ ಕೂತವಳ ಬಾಸಿಂಗ ಮೂಗಿಗೆ ಬಂದೀತು.

ತಪ್ಪು ನನ್ನದೇ.
ದೊಡ್ಡ ಕ್ಯಾಮು, ದೊಡ್ಡ ಇಂಜೆಕ್ಟರು ಕೂರಿಸಿ
ಮೂರು ಸಾವಿರದ ಮೇಲಿನ ಒಂದೊಂದು ಮನೆಯನ್ನೂ
ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿ ತುಂಬಿದ್ದೆ.
ಕೆಳಗಿನ ಮನೆಗಳಿಗೆ ಅಂದಾಜಿನ ಅಂಕಿ ಎಸೆದಿದ್ದೆ,
ಅಲ್ಲಿ ಯಾರಿರುತ್ತಾರೆ ಅಂದುಕೊಂಡು.
ಇಡೀ ಪುಣೆ ಇರುತ್ತದೆ ಅಲ್ಲಿ.
ಸ್ವಾರಗೇಟಿನ ಸಿಗ್ನಲ್ಲು, ಹಾಲಿನ ಕ್ಯಾನು, ಶಾಲೆಮಕ್ಕಳ ರಿಕ್ಷಾ,
ಹಡಪ್ಸರದ ಸಂಜೆ ಏಳು ಗಂಟೆ.

ಲ್ಯಾಪ್‌ಟಾಪಿನಲ್ಲಿ ಎರಡು ಗೆರೆ
ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತಿವೆ.
ಪೆಟ್ರೋಲು ಕೂಡಿಸಿದೆ, ಕಳೆದೆ.
ಪ್ಲಗ್ಗು ಬದಲಿಸಿದೆ. ಬೈದೆ, ಕನ್ನಡದಲ್ಲಿ.
ಬಿಕ್ಕು ನಿಲ್ಲಲಿಲ್ಲ.

ಆಗ ಎದ್ದರು ಹೈದರ್ ಮುಲ್ಲಾ ಚಾಚಾ,
ನಾನಾ ಪೇಟೆಯಲ್ಲಿ ನಲವತ್ತು ವರ್ಷ
ಕಿವಿಗೆ ರಬ್ಬರ್ ನಳಿಗೆ ಹಚ್ಚಿ ಕಾರ್ಬುರೇಟರಿನ ಉಸಿರು ಅಳೆದವರು.
ಈಗ ಎಡಗಿವಿ ಪೂರಾ ಹೋಗಿದೆ,
ಬಲಗಿವಿ ಅವರಿಗೆ ಬೇಕಾದಾಗ ಮಾತ್ರ.
ಪರದೆಯತ್ತ ನೋಡಲೂ ಇಲ್ಲ.
ಸೈಲೆನ್ಸರಿನ ಬಾಯಿಗೆ ಅಂಗೈ ಒಡ್ಡಿ, ಮೂಸಿ,
ನಮ್ಮ ಅಕ್ಕಲಕೋಟೆಯ ಮಾತಿನಲ್ಲಿ ಅಂದರು:
“ಹೊಟ್ಟಿ ತುಂಬೇತಿ ಇದಕ್ಕ. ಆದರೂ ಹಸದೇತಿ ಅಂತ
ಯಾರೋ ಉಣಸಾಕತ್ತಾರ.”

ಯಾರೋ ಅಲ್ಲ. ಹೊಗೆಕೊಳವೆಯ ಆ ಸೆನ್ಸಾರು.
ಎರಡೂ ವಾಲ್ವು ಒಟ್ಟಿಗೆ ಬಾಯಿ ತೆರೆದ ಕ್ಷಣ
ಉರಿಯದ ಗಾಳಿ ಕಳ್ಳನಂತೆ ನುಸುಳುತ್ತದೆ.
ಅದನ್ನು ಮೂಸಿ ಇದು ಕೂಗುತ್ತದೆ, ಹಸಿವು, ಹಸಿವು!
ಕಂಪ್ಯೂಟರು ಸುರಿಯುತ್ತದೆ. ಎಂಜಿನ್ನಿಗೆ ಉಸಿರು ಕಟ್ಟುತ್ತದೆ.
ಅಯ್ಯೋ ಹೆಚ್ಚಾಯಿತು ಎಂದು ಕೈ ಹಿಂದೆಗೆಯುತ್ತದೆ.
ಮತ್ತೆ ಕೂಗು.

ಸುಳ್ಳು ಹೇಳುತ್ತಿರಲಿಲ್ಲ ಪಾಪ. ಕಂಡದ್ದನ್ನೇ ಹೇಳುತ್ತಿತ್ತು.

ಎರಡು ಸಾವಿರದ ಕೆಳಗೆ ಅದರ ಮಾತು ಕೇಳಬೇಡ ಎಂದು ಬರೆದೆ.
ಒಂದು ಚೌಕ, ಒಂದು ಟಿಕ್ಕು.
ಆಮೇಲೆ ಕಿಡಿ ಹಾರುವ ಹೊತ್ತಿನ ಲೆಕ್ಕ:
ಹದಿನಾಲ್ಕರ ಪಕ್ಕ ಇಪ್ಪತ್ತಾರು, ಅದರ ಪಕ್ಕ ಒಂಬತ್ತು,
ಹೆಂಟೆ ಒಡೆಯದ ಹೊಲ.
ಅವ್ವ ರೊಟ್ಟಿ ಬಡಿಯುವಂತೆ
ನಡುವಿನಿಂದ ಅಂಚಿಗೆ, ತಿರುಗಿಸುತ್ತ, ತಿರುಗಿಸುತ್ತ
ಹರಡಿದೆ. ಹದಿನಾರು. ಹದಿನೇಳು. ಹದಿನೆಂಟು.

ಒಂದೂಮುಕ್ಕಾಲಿಗೆ ಟೆಲ್ಕೋ ರಸ್ತೆ.
ಎರಡನೇ ಗೇರು, ಹದಿನೆಂಟರ ವೇಗ,
ಪೆಡಲಿನ ಮೇಲೆ ಕಾಲು ಇಟ್ಟೂ ಇಡದಂತೆ.
ನನ್ನ ಕೈಯ ಚಹಾದ ಗ್ಲಾಸಿನಲ್ಲಿ
ಕೆನೆ ಸುಕ್ಕುಗಟ್ಟಲಿಲ್ಲ.
ನಾಯಿಯೊಂದು ನಮ್ಮನ್ನು ಹಿಂದೆ ಹಾಕಿ,
ತಿರುಗಿ ನೋಡಿ, ಹೋಯಿತು.

“ಮೇಲೆ ಮೊದಲಿನ ಹಾಗೇ ಓಡುತ್ತದಲ್ಲ?” ಯಜ್ಞೇಶ ಕೇಳಿದ.
ಓಡುತ್ತದೆ ಅಂದೆ. ಅವನು ಓಡಿಸಿ ನೋಡಲಿಲ್ಲ.
ಖಾಲಿ ರಸ್ತೆಯಲ್ಲಿ, ಎದುರಿಗೆ ಯಾರೋ ಕುಣಿಯುತ್ತಿರುವ ಹಾಗೆ,
ಜಾಗ ಬಿಟ್ಟು ಬಿಟ್ಟು ನಡೆಸಿದ.

ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಚಾಚಾ
ತಟ್ಟನೆ ಕಣ್ಣು ಬಿಟ್ಟು, ಬಾಗಿಲಿಗೆ ಅಂಗೈ ಒತ್ತಿ,
“ಯಾಕ, ಬಂದ್ ಬಿತ್ತೇನು?” ಅಂದರು.