ಪಾಠ ಹದಿನೇಳು

ಜಾನ್ಸನ್ ಮಾರ್ಕೆಟ್ಟಿನ ಹಿಂದೆ
ಇಲಿಯಾಸ್ ಭಾಯಿಯ ಮಟನ್ ಅಂಗಡಿ ಮೇಲಿನ ಕೋಣೆಯಲ್ಲಿ
ಏಳರಿಂದ ಎಂಟೂವರೆ ನನ್ನ ಇಂಗ್ಲಿಷ್ ಕ್ಲಾಸು.
ಮೂರು ಬೆಂಚು, ಒಂದು ಫ್ಯಾನು.
ಕೆಳಗೆ ಕತ್ತಿ ಬಿದ್ದಾಗಲೆಲ್ಲ
ಬೋರ್ಡಿನಿಂದ ಒಂದಿಷ್ಟು ಸೀಮೆಸುಣ್ಣ ಉದುರುತ್ತದೆ.

ಇವತ್ತು ಬ್ರೇನ್.

ಬ್ರೇನ್‌ವಾಶ್ ಅಂತ ಬರೆದೆ.
"ಎಣ್ಣೆಸ್ನಾನವಾ ಮಿಸ್?" ಅಂದ ಆಟೋ ಅರ್ಪುದರಾಜ್.
ಅಲ್ಲಪ್ಪಾ, ತಲೆ ಕೆಡಿಸೋದು.
"ತೊಳೆದರೆ ಕೆಡುತ್ತಾ?"
ನನಗೆ ಉತ್ತರ ಹೊಳೆಯಲಿಲ್ಲ. ಮುಂದಿನ ಪದಕ್ಕೆ ಹೋದೆ.

ಬ್ರೇನ್‌ಸ್ಟಾರ್ಮ್: ಹತ್ತು ಜನ ಎಸಿ ರೂಮಿನಲ್ಲಿ ಕೂತು
ಎಬ್ಬಿಸುವ ಬಿರುಗಾಳಿ. ಒಂದು ಮರವೂ ಬೀಳುವುದಿಲ್ಲ.
(ಮೊನ್ನೆಯ ಗಾಳಿಗೆ ರೆಂಬೆ ಬಿದ್ದು ಟಾಪು ಹರಿದುಕೊಂಡವನು
ಇದಕ್ಕೆ ನಗಲಿಲ್ಲ.)
ಬ್ರೇನ್ ಡ್ರೇನ್ ಅಂದೆ.
ಎಲ್ಲರೂ ಒಟ್ಟಿಗೆ ಕಿಟಕಿಯಾಚೆ
ಮೋರಿಯ ಕಡೆ ನೋಡಿದರು.

ನಿಮ್ಮ ಬ್ರೇನನ್ನು ಕೊಂಚ ಪಿಕ್ ಮಾಡಲೇ ಅಂತ
ದೊಡ್ಡವರನ್ನು ವಿನಯದಿಂದ ಕೇಳಬೇಕು, ಎಂದು ನಾನು ವಿವರಿಸುವಾಗ
ಕೆಳಗೆ ಇಲಿಯಾಸ್ ಭಾಯಿ ಕುರಿ ಬುರುಡೆ ಎರಡು ಹೋಳು ಮಾಡಿ
ಹೆಬ್ಬೆರಳಲ್ಲಿ ಬಿಡಿಸಿ ತೆಗೆಯುತ್ತಿದ್ದ,
ಮೊಗ್ಗು ಬಿಡಿಸುವವರ ಜೋಪಾನದಲ್ಲಿ:
"ಒಂದಕ್ಕೆ ನೂರಿಪ್ಪತ್ತು, ಜೋಡಿ ಇನ್ನೂರು."

ಸ್ಕ್ಯಾಟರ್‌ಬ್ರೇನ್ ಅಂತ ನಮ್ಮ ಮಿಸೆಸ್ ಡಿಮೆಲ್ಲೊ
ಮೂರನೇ ಕ್ಲಾಸಿನಲ್ಲಿ ನನ್ನನ್ನು ಕರೆದಾಗ
ಹೊಗಳಿದರೆಂದು ಮನೆಗೆ ಓಡಿದ್ದೆ.
ಅಮ್ಮ ಪಕ್ಕದ ಮನೆಗೂ ಹೇಳಿ ಬಂದಳು.

ನಮ್ಮಲ್ಲಿ ಮಿದುಳಿನ ಮಾತು ಕಡಿಮೆ ಮಿಸ್, ಅಂದರು ಯಾರೋ.
ನಿಜ. ನಾವು ತಲೆ ತಿನ್ನುತ್ತೇವೆ, ತಲೆಗೆ ಹುಳ ಬಿಡುತ್ತೇವೆ,
ಉಳಿದದ್ದೆಲ್ಲ ಕೆಳಗೆ, ಹೊಟ್ಟೆಯಲ್ಲಿ, ಕರುಳಿನಲ್ಲಿ.
ಇಲ್ಲ ಎನ್ನುವಾಗಲೂ ಅದರ ಹೆಸರೆತ್ತದೆ
ತಲೇಲಿ ಲದ್ದಿ ಇದೆ ಅನ್ನುತ್ತೇವೆ.

ಆಗ ಕೊನೇ ಬೆಂಚಿನಿಂದ ಮುನಿಯಲ್ಲಪ್ಪ,
ಡೈರಿ ಸರ್ಕಲ್ ಹತ್ತಿರದ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದ ವಾರ್ಡ್ ಬಾಯ್,
ತಲೆ ನರೆತ ಬಾಯ್,
"ನಾನು ಕೈಯಲ್ಲಿ ಹಿಡಿದಿದ್ದೀನಿ ಮಿಸ್" ಅಂದ.
"ಮೊದಲು ಗಿಣ್ಣಿನ ಹಂಗಿರ್ತದೆ.
ಔಷಧೀಲಿ ಇಟ್ಟರೆ ಬೆಂದ ಹೂಕೋಸು."

ಯಾರೂ ಮಾತಾಡಲಿಲ್ಲ. ಅವನೇ ಮುಂದುವರಿದ.

"ಕಾರಿಡಾರಿನಲ್ಲಿ ಡಾಕ್ಟ್ರು ಒಂದು ಮಾತಂತಾರೆ. ಬ್ರೇನ್ ಡೆಡ್.
ಅಂದುಬಿಟ್ಟು ನನ್ನ ಕಡೆ ತಿರುಗ್ತಾರೆ: ಯಲ್ಲಪ್ಪ, ಇವರಿಗೆ ಹೇಳಪ್ಪ.
ಎದೆ ಬಡ್ಕೊತಾ ಇರ್ತದೆ. ಕೈ ಬೆಚ್ಚಗಿರ್ತದೆ.
ಹೆಂಗೆ ಹೇಳೋದು ಮಿಸ್?
ಪೇಪರ್‌ನಲ್ಲಿ ಬರೆಯೋ ಹಂಗೆ ಹೇಳ್ದೆ, ಮಿದುಳು ನಿಷ್ಕ್ರಿಯ ಅಂತ.
ಮಾಲೂರಿನ ಕಡೆಯ ಆಯಮ್ಮ, ಬೈಕಿಂದ ಬಿದ್ದ ಹುಡುಗನ ತಾಯಿ,
ಸೆರಗಿನಲ್ಲಿ ಬಾಯಿ ಒರೆಸ್ಕೊಂಡು ಕೇಳಿದ್ಲು:
ಹಂಗಾದ್ರೆ ಯಾವಾಗ ಏಳ್ತಾನೆ?"

ಕೆಳಗೆ ಕತ್ತಿಯ ಸದ್ದು ನಿಂತಿತ್ತು.
ಯಾರೋ ಮರದ ದಿಮ್ಮಿಗೆ ನೀರು ಸುರಿಯುತ್ತಿದ್ದರು.

"ಏನು ಹೇಳಿದೆ?" ಅಂದೆ.

"ಮನೆ ಖಾಲಿ ಮಾಡವ್ನೆ ಕಣಮ್ಮ ಅಂದೆ.
ಲೈಟು ಆರಿಸೋದು ಮರೆತು ಹೋಗವ್ನೆ, ಅಷ್ಟೇಯ.
ಅವಾಗ ಅತ್ತಳು."

ಅವನು ನೋಟ್‌ಬುಕ್ಕು ತಿರುವಿದ. ಉದ್ದಕ್ಕೆ ಎಳೆದ ಗೆರೆ,
ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷು,
ನಾನೇ ಹೇಳಿಕೊಟ್ಟ ಪದ್ಧತಿ.
ಎಡಕ್ಕೆ ಅದನ್ನೇ ಬರೆದ, ನಿಧಾನವಾಗಿ, ಒತ್ತಕ್ಷರ ತಪ್ಪದೆ.
"ಇದಕ್ಕೇನಂತಾರೆ ಮಿಸ್, ಇಂಗ್ಲಿಷಿನಲ್ಲಿ?"

ಇಪ್ಪತ್ತು ವರ್ಷ ಪಾಠ ಮಾಡಿದವಳು ನಾನು
ಡಸ್ಟರ್ ಹುಡುಕುತ್ತ ನಿಂತೆ, ಅದು ನನ್ನ ಕೈಯಲ್ಲೇ ಇತ್ತು.

ಪರವಾಗಿಲ್ಲ ಅನ್ನುವಂತೆ ಅವನು
ಬಲಗಡೆ ಎರಡು ಸಾಲು ಖಾಲಿ ಬಿಟ್ಟು
ಕೆಳಗೆ ಹದಿನೆಂಟನೇ ಪಾಠದ ತಾರೀಖು ಹಾಕಿಕೊಂಡ.