ತೂಕದ ಚೀಟಿ

ಕೂಡ್ಲೂರಿನ ಕಾಫಿ ಕ್ಯೂರಿಂಗ್ ವರ್ಕ್ಸಿನ ತಕ್ಕಡಿ ಬಾಗಿಲಲ್ಲಿ
ಇಪ್ಪತ್ತೆರಡು ವರ್ಷ ಅಂಕಿ ಕೂಗಿದ ಗಂಟಲು ನನ್ನದು.
ನಲವತ್ತೊಂಬತ್ತು ಆರುನೂರು. ಐವತ್ತು ಇನ್ನೂರು. ಮುಂದಿನ ಚೀಲ.
ಪುಡಿ ಕೊಳ್ಳಲು ಬಂದ ಸುಗುಣವಲ್ಲಿ ಟೀಚರ್
ಚಿಲ್ಲರೆ ಎಣಿಸುತ್ತ ನಿಂತು ಕೇಳಿದರು,
"ಇಂಥ ಧ್ವನಿಯಲ್ಲಿ ಬರೀ ಚೀಲ ತೂಗುತ್ತೀರಲ್ಲ!"

ಹೀಗೆ ಶುರು.
ರಟ್ಟಿಲ್ಲದ ಪುಸ್ತಕ. ಮೊದಲ ಹನ್ನೆರಡು ಪುಟ ಇಲ್ಲ,
ಕವಿಯ ಹೆಸರೂ ಅವುಗಳ ಜೊತೆಗೇ ಹೋಗಿದೆ.
ದಂಡಿಗೆ ಹೋದ ಮಗ, ಹೊಳೆದಂಡೆಯಲ್ಲಿ ಅವನ ತಾಯಿ.
ಮನೆಯಲ್ಲಿ ನಮ್ಮದು ಅರೆಭಾಷೆ. ಮಹಾಪ್ರಾಣವೆಂದರೆ
ಸಂಪಾಜೆ ಘಾಟಿಯ ತಿರುವು ನನಗೆ;
ಗಾಟಿ, ಗಾಟಿ ಎನ್ನುತ್ತಲೇ ಹತ್ತಿ ಇಳಿದವನು.

ಟೀಚರ್ ಅಂದರು, ಲಘು ಒಂದು, ಗುರು ಎರಡು,
ತೂಗಿ ನೋಡಿ, ನಿಮಗೆ ಬಾರದ ಕೆಲಸವೇ?
ಅಂದಿನಿಂದ ಚೀಟಿಗಳ ಮುಂದೆ ರೋಬಸ್ಟಾ,
ಬೆನ್ನಿಗೆ ಗೀಟು, ಕೊಂಕು, ಮತ್ತೆ ಕೊಂಕು.
ಲೆಕ್ಕದ ಬೋಪಣ್ಣ ಹಿಡಿದು ಕೇಳಿದ,
ಇದು ಯಾವ ಕಂಪನಿಯ ಗುರುತು ಮಾರಾಯ?

ಊಟದ ಗಂಟೆಯಲ್ಲಿ ಗೋಣಿಗಳಿಗೆ ಓದಿದೆ.
ಗೋಣಿ ಒಳ್ಳೆಯ ಶ್ರೋತೃ, ತಪ್ಪನ್ನೂ ಹೀರುತ್ತದೆ.
ತಗಡಿನ ಗೋಡೆಯಾಚೆ ಕಾಳು ಆರಿಸುವ ಹೆಂಗಸರು,
ಕಪ್ಪು, ಒಡಕು, ಹುಳುಕು ಬೇರೆ ಬೇರೆ ಮಾಡುತ್ತ.
ಅವರಿಗೆ ಕೇಳುತ್ತದೆಂದು ನನಗೆ ಹೊಳೆದೇ ಇರಲಿಲ್ಲ.

"ಅಳಬೇಡಿ," ಟೀಚರ್ ಗದರಿದರು ಒಂದು ಸಂಜೆ,
"ನೀವೇ ಅತ್ತು ಮುಗಿಸಿದರೆ ಕೂತವರಿಗೇನು ಉಳಿಯಿತು?
ರಾಗ ನೀರು, ಪದ ತಳದ ಕಲ್ಲು.
ನೀರು ಎಷ್ಟು ಬಂದರೂ ಕಲ್ಲು ಕಾಣುತ್ತಿರಬೇಕು."

ಶನಿವಾರ, ಕುಶಾಲನಗರ, ಸೊಸೈಟಿಯ ಮಹಡಿ.
ಮೂವತ್ತು ಕುರ್ಚಿ, ಹನ್ನೊಂದು ಜನ,
ಅದರಲ್ಲಿ ಇಬ್ಬರು ಸಾಲದ ಅರ್ಜಿಗೆ ಬಂದವರು.
ನಾನು ಓದುವುದು, ಟೀಚರ್ ಅರ್ಥ ಬಿಡಿಸುವುದು.
ಆರು ಪದ್ಯ ದಾಟಿದೆವು. ಏಳಕ್ಕೆ ಕರೆಂಟು ಹೋಯಿತು.
ಪುಸ್ತಕ ಕತ್ತಲೆ. ಬಾಯಿಪಾಠವೆಂದು ನಂಬಿ ಹೊರಟೆ.
ಮರಳದಾತನ ಹೆಜ್ಜೆಗಾ...
ಅಷ್ಟೇ. ಮುಂದಿಲ್ಲ. ಗಂಟಲಿದೆ, ಪದವಿಲ್ಲ.
ಯಾರೋ ಕೆಮ್ಮಿದರು. ಕೆಳಗೆ ಮೈಸೂರು ಬಸ್ಸು ಹಾರ್ನ್ ಹೊಡೆದು ಹೋಯಿತು.

ಹಿಂದಿನ ಸಾಲಿನಿಂದ, ನನ್ನದೇ ರಾಗದಲ್ಲಿ,
ನಾನು ಉಸಿರು ಕದಿಯುವ ಜಾಗದಲ್ಲೇ ಉಸಿರು ಕದ್ದು
ಒಂದು ಹೆಣ್ಣುದನಿ:
"...ಮರುಳೆ ಸಾಕ್ಷಿ."

ಆಸ್ಯಮ್ಮ. ನಾಲ್ಕನೇ ಮೇಜಿನವಳು.
ಕನ್ನಡದಲ್ಲಿ ಸಹಿಯಷ್ಟೇ ಬಲ್ಲವಳು.
ಪುಸ್ತಕದಲ್ಲಿರುವುದು ಮರಳೆ:
ಮರಳಿ ಬಾರದವನ ಹೆಜ್ಜೆಗೆ
ಹೊಳೆದಂಡೆಯ ಮರಳೇ ಸಾಕ್ಷಿ ಎಂದು.
ತಗಡು ದಾಟುವಾಗ ಒಂದು ಕೊಂಬು ಅಂಟಿಕೊಂಡಿತೋ,
ಅವಳೇ ಆರಿಸಿ ಹಾಕಿದಳೋ.

ಟೀಚರ್ ಕಡೆ ತಿರುಗಿದೆ. ಮುಖ ಕಾಣದು.
ಕತ್ತಲಲ್ಲಿ ಬೆರಳು ಮಡಿಚುವ ಸದ್ದು, ಬಳೆಯೊಂದು ಬಳೆಗೆ ತಾಗಿ.
ಐದು. ಐದು. ಮತ್ತೆ ಐದು.
"ತೂಕ ಸರಿಯಿದೆ," ಎಂದರು. "ಮುಂದೆ ಓದಿ."
ಆ ಪದ್ಯಕ್ಕೆ ಮಾತ್ರ ಅವರು ಅರ್ಥ ಹೇಳಲಿಲ್ಲ.

ಸೋಮವಾರ ಅವಳ ಬುಟ್ಟಿ ತಕ್ಕಡಿಗೆ ಬಂತು.
ಹದಿನೇಳು ನಾನೂರು, ಎಂದೆ.
ಹೋಗಲಿಲ್ಲ. ಸೆರಗಿಗಂಟಿದ ಹೊಟ್ಟು ಕೊಡವುತ್ತ
ಕೇಳಿದಳು: "ಕಡೆಗೆ ಬಂದನಾ ಅವನು?"

ನಾನು ಕಲಿತದ್ದು ಹದಿನೆಂಟೇ ಪದ್ಯ,
ಕಾರ್ಯಕ್ರಮಕ್ಕೆ ಬೇಕಾದಷ್ಟು.
ಹಿಂದೆ ಲಾರಿಯವನು ಅವಸರ ಮಾಡುತ್ತಿದ್ದ.
ಚೀಟಿ ಹರಿದೆ, ಅವಳಿಗೆ ಕೊಡಲಿಲ್ಲ,
ಬೆನ್ನಿಗೆ ಬರೆದು ಜೇಬಿಗಿಟ್ಟೆ:
ಹತ್ತೊಂಬತ್ತು.